ವರ್ಗಮೂಲದ ವಕಾಲತ್ತು

ನಾಲಿಗೆಯ ತುದಿಗೆ ಬಂದ ವಾದವನ್ನು ನುಂಗಿಕೊಳ್ಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ದೇವರು ಇದ್ದಾನೆಯೇ ಎಂಬುದೂ ವಾದಕ್ಕೆ ಬಿಟ್ಟ ವಿಷಯ. ಪರವಾಗಿ ಹತ್ತು ನಿಮಿಷ, ವಿರೋಧವಾಗಿ ಹತ್ತು ನಿಮಿಷ ಮಾತಾಡಿ ಎರಡು ಸಲವೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಇಂಥ ನನ್ನನ್ನು ನಮ್ಮ ದೊಡ್ಡಬಳ್ಳಾಪುರದ ಹೈಸ್ಕೂಲು ಬೆಂಗಳೂರಿನ ಚರ್ಚಾಸ್ಪರ್ಧೆಗೆ ಆರಿಸಿದ್ದು ಸಹಜವೇ. ಜೊತೆಗೆ ರೇಷ್ಮೆ ವ್ಯಾಪಾರಿಯ ಮಗ ಬಷೀರ. ಷರತ್ತು ಒಂದೇ: ಗಣಿತದ ಪರೀಕ್ಷೆಯಲ್ಲಿ ಮೂವತ್ತೈದು ಬಂದಿರಬೇಕು. ಬಷೀರನಿಗೆ ಸರಿಯಾಗಿ ಮೂವತ್ತೈದು ಬಂತು. ನನಗೆ ಮೂವತ್ತನಾಲ್ಕು.

ಆ ಒಂದು ಮಾರ್ಕು ಹೋದದ್ದು ವರ್ಗಮೂಲದಲ್ಲಿ. ರಾಜಘಟ್ಟದ ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ಅಮ್ಮ, "ಯಾರಿಗೋ ವರ್ಗ ಆಗಿದ್ದು?" ಎಂದಳು. ಅಜ್ಜಿ, "ಮೂಲಾ ನಕ್ಷತ್ರದ ಸಹವಾಸ ಬೇಡ ಕಣೋ" ಎಂದಳು. ನಕ್ಷತ್ರಕ್ಕೂ ಮಾರ್ಕಿಗೂ ಸಂಬಂಧವಿಲ್ಲವೆಂದು ಸಾಧಿಸಿ ಮುಗಿಸುವಷ್ಟರಲ್ಲಿ ತಟ್ಟೆಯ ಮುದ್ದೆ ಆರಿ ಕಲ್ಲಾಗಿತ್ತು.

ಪ್ರಶ್ನೆ ಇಷ್ಟೇ: √(9x²) ಇದನ್ನು ಸರಳಗೊಳಿಸಿ. ಇಡೀ ತರಗತಿ 3x ಎಂದು ಬರೆದು ಪಾರಾಗಿತ್ತು. ನಾನು ಮಾತ್ರ, "x ಧನವಾದರೆ 3x, ಋಣವಾದರೆ −3x, ಯಾವುದೆಂದು ತಿಳಿಯದೆ ಹೇಳಲಾಗದು" ಎಂದು ಬರೆದಿದ್ದೆ. ರಾಮಣ್ಣ ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು. ಮರುದಿನ ಬೆಳಗ್ಗೆ ತರಗತಿಯಲ್ಲಿ ಎದ್ದು ನಿಂತೆ. "ಸಾರ್, x ಅಂದ್ರೆ ಮೈನಸ್ ಎರಡು ಅಂತ ಇಟ್ಕೊಳ್ಳಿ. ಅದರ ವರ್ಗ ನಾಲ್ಕು, ಒಂಬತ್ತರಿಂದ ಗುಣಿಸಿದ್ರೆ ಮೂವತ್ತಾರು, ಅದರ ಮೂಲ ಆರು. ನಿಮ್ಮ 3x ಪ್ರಕಾರ ಮೈನಸ್ ಆರು! ಈ ಮೂಲದ ಚಿಹ್ನೆಯಿಂದ ಮೈನಸ್ ಹೊರಗೆ ಬರೋ ಹಾಗಿಲ್ಲ ಅಂತ ನೀವೇ ಹೇಳಿದ್ರಿ."

ಮೇಷ್ಟ್ರು ಬೋರ್ಡಿನ ಮೇಲೆ ಬರೆದರು, ಅಳಿಸಿದರು, ಮತ್ತೆ ಬರೆದರು. ಕೋಟಿನ ತೋಳೆಲ್ಲ ಸೀಮೆಸುಣ್ಣ. ಕೊನೆಗೆ, "ನಿಂದೇ ಸರಿ ಕಣಪ್ಪಾ" ಎಂದು ಮಾರ್ಕು ಕೊಟ್ಟರು. ಹುಡುಗರು ಬೆಂಚು ಬಡಿದರು. ನಾನು ಮನಸ್ಸಿನಲ್ಲೇ ಬೆಂಗಳೂರು ತಲುಪಿದ್ದೆ. ಆದರೆ ಮೇಷ್ಟ್ರು ನ್ಯಾಯವಂತರು. "ಹಾಗಾದ್ರೆ ಬರೀ 3x ಅಂತ ಬರೆದೋರ್ದು ತಪ್ಪು. ಎಲ್ಲರಿಗೂ ಒಂದೊಂದು ಮಾರ್ಕು ಕಟ್!" ಬೆಂಚಿನ ಸದ್ದು ನಿಂತಿತು. ಬಷೀರ ಮೂವತ್ತನಾಲ್ಕಕ್ಕೆ ಇಳಿದ.

"ಲೇ, ನಿನ್ನ ನಾಲಿಗೆಗೆ ಬೀಗ ಹಾಕ! ನಮ್ಮ ಅಬ್ಬಾ ಬೆಂಗಳೂರಿಗೆ ಅಂತ ಹೊಸ ಶೇರ್ವಾನಿ ಹೊಲಿಸಿದಾರೆ ಕಣೋ. ಈಗ ನನ್ನ ಪರವಾಗಿ ನೀನೇ ಮಾತಾಡ್ಬೇಕು" ಎಂದು ಅವನು ನನ್ನ ಕೊರಳಪಟ್ಟಿ ಹಿಡಿದ.

ಕಕ್ಷಿದಾರ ಸಿಕ್ಕ ಮೇಲೆ ಕೇಳಬೇಕೆ! ಆಧಾರ ಹುಡುಕಲು ಪ್ರಶ್ನೆಪತ್ರಿಕೆ ಬಿಡಿಸಿದೆ. ವಾದದ ಅವಸರದಲ್ಲಿ ನಾನು ಓದಿರದ, ಬರೆದ ಮೇಷ್ಟ್ರೇ ಮರೆತಿದ್ದ ಸಾಲೊಂದು ಎಲ್ಲಕ್ಕಿಂತ ಮೇಲೆ ಕೂತಿತ್ತು: "ಅಕ್ಷರಗಳೆಲ್ಲ ಧನಸಂಖ್ಯೆಗಳೆಂದು ಭಾವಿಸಿ." ಅಂದರೆ ಇಲ್ಲಿ x ಋಣವಾಗುವ ಹಾಗೇ ಇಲ್ಲ, 3x ಸರಿ. ಬಷೀರ ಉಳಿಯುತ್ತಾನೆ, ನಾನು ಮುಳುಗುತ್ತೇನೆ. ಪತ್ರಿಕೆಯನ್ನು ಮಡಿಸಿ ಜೇಬಿಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ನೇಹಕ್ಕಾಗಿ ತ್ಯಾಗ ಮಾಡಿದೆನೆಂದು ಬಷೀರ ಈಗಲೂ ಹೇಳುತ್ತಾನೆ. ಶುದ್ಧ ಸುಳ್ಳು. ಅಷ್ಟು ಸೊಗಸಾದ ಅಂಶ ಕೈಗೆ ಸಿಕ್ಕಿರುವಾಗ ಸುಮ್ಮನಿರಲು ನನ್ನಿಂದಾಗಲಿಲ್ಲ, ಅಷ್ಟೇ.

ಮಧ್ಯಾಹ್ನದ ಅವಧಿಯಲ್ಲಿ ಐದೇ ನಿಮಿಷಕ್ಕೆ ಗೆದ್ದೆ. ಎದುರುವಾದಿಯನ್ನು, ಅಂದರೆ ಬೆಳಗಿನ ನನ್ನನ್ನು, ಮಾತೆತ್ತದಂತೆ ಮಾಡಿದೆ. ಈ ಸಲ ಬೆಂಚುಗಳೇ ಮುರಿಯುವಂತಿದ್ದವು. "ಭಲೇ!" ಎಂದ ಮೇಷ್ಟ್ರು ಎಲ್ಲರ ಮಾರ್ಕನ್ನೂ ಹಿಂದಿರುಗಿಸಿ, ನನ್ನದನ್ನು ಹೊಡೆದುಹಾಕಿದರು.

ಶನಿವಾರ ಬಷೀರನನ್ನು ರೈಲು ಹತ್ತಿಸಲು ಹೋಗಿದ್ದೆ. "ನಮ್ಮೂರಲ್ಲಿ ಒಬ್ಬ ಇದಾನೆ, ಒಂದೇ ದಿನ ಎರಡೂ ಪಕ್ಷದಲ್ಲಿ ನಿಂತು ಎರಡರಲ್ಲೂ ಗೆದ್ದ, ಅಂತ ಅಲ್ಲಿ ಹೇಳು" ಎಂದೆ.

"ಹೇಳ್ತೀನಿ ಗುರು. ಮತ್ತೆ ಅವನ್ಯಾಕೆ ಬರಲಿಲ್ಲ ಅಂತ ಕೇಳಿದ್ರೆ?"

ಗಾಡಿ ಹೊರಟಿತು. ನಾನು ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಇದುವರೆಗೆ ಅದೊಂದೇ. ಅದಕ್ಕೂ ರೈಲು ಹೊತ್ತಿಗೆ ಸರಿಯಾಗಿ ಹೊರಟದ್ದೇ ಕಾರಣವೆಂದು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ.