ಹಳದಿ ದೀಪ ಉರಿಯುವಷ್ಟು ಹೊತ್ತು ಅಪರಿಚಿತಳೆಂದು ಪರಿಗಣಿಸುವ ಕುರಿತು

ಇಂದ,
ಮಾರ್ನಾ ಹಾಲ್ವರ್ಸನ್,
ಕೆಟ್ಟು ನಿಂತ ವಾಹನ ಎಳೆಯುವ ಟೋಯಿಂಗ್ ಲಾರಿಯ ಚಾಲಕಿ ಹಾಗೂ ಟಿಲ್ಲಿಯ ತಾಯಿ,
ಸ್ಟೋನ್‌ಬೆಂಡ್, ನಾರ್ತ್ ಡಕೋಟಾ

ಗೆ,
ಮಾನ್ಯ ನ್ಯಾಯಾಧೀಶರು,
ಸಂಚಾರ ನ್ಯಾಯಾಲಯ, ಸ್ಟೋನ್‌ಬೆಂಡ್

ವಿಷಯ: ಶ್ರೀಮತಿ ಎಡಿತ್ ಹಾಲ್ವರ್ಸನ್ ಅವರಿಗೆ ವಿಧಿಸಿರುವ ದಂಡವನ್ನು ರದ್ದು ಮಾಡದಿರಲು ಕೋರಿ.

ಉಲ್ಲೇಖ: 1. ರಸ್ತೆಬದಿಯಲ್ಲಿ ದೀಪ ಹಾಕಿ ನಿಂತ ತುರ್ತು ಅಥವಾ ಸೇವಾ ವಾಹನ ಕಂಡರೆ ಆಚೆ ಲೇನಿಗೆ ಸರಿಯಬೇಕು, ಆಗದಿದ್ದರೆ ನಿಧಾನಿಸಬೇಕು ಎಂಬ ಕಾನೂನು.
2. ಸದರಿ ದಂಡ ರದ್ದಾಗಲೆಂದು ಊರಿಗೆ ಊರೇ ಸಹಿ ಹಾಕಿರುವ ಮನವಿ.

ಮಾನ್ಯರೇ,

ಮಗಳ ಮನೆಪಾಠ ಮುಗಿಸಿ, ಪಾತ್ರೆಗಳನ್ನು ನಾಳೆಗೆ ಬಿಟ್ಟು, ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಹೊರಗಿನವರು ಈ ಕಾನೂನನ್ನು ಚೆನ್ನಾಗಿಯೇ ಪಾಲಿಸುತ್ತಾರೆ. ಲಾರಿಯ ಹಳದಿ ದೀಪ ಕಂಡೊಡನೆ ಆಚೆ ಸರಿದು, ಅರ್ಜಿದಾರಳ ಮುಖವನ್ನೂ ನೋಡದೆ ಹೋಗುತ್ತಾರೆ. ತೊಂದರೆಯಿರುವುದು ಪರಿಚಿತರಿಂದ. ದಾರಿಯಲ್ಲಿ ಕಂಡವರಿಗೆ ಕೈ ಬೀಸದಿದ್ದರೆ ಈ ಊರಿನಲ್ಲಿ ಜಂಬ ಎನ್ನುತ್ತಾರೆ. ಆದಕಾರಣ ಲಾರಿಯ ಗುರುತು ಹಿಡಿದವರೆಲ್ಲ ಆಚೆ ಸರಿಯುವ ಬದಲು ಈಚೆ ಸರಿದು, ಹಾರ್ನ್ ಹೊಡೆದು, ಉಕ್ಕಿನ ಹಗ್ಗ ಬಿಗಿಯುತ್ತಿರುವ ಅರ್ಜಿದಾರಳು ತಿರುಗಿ ಕೈ ಬೀಸಿದಳೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡುತ್ತಾರೆ.

2. ಸದರಿ ಎಡಿತ್ ಅವರು ಅರ್ಜಿದಾರಳ ತಾಯಿ. ಆ ದಿನ ಆಚೆ ಲೇನು ಖಾಲಿಯಿದ್ದರೂ ಅವರು ಅಂಚಿನ ಬಿಳಿ ಗೆರೆಯ ಮೇಲೇ ಬಂದು, ಕಿಟಕಿಯಿಂದ ಆಲೂಗಡ್ಡೆ ರೊಟ್ಟಿಯ ಡಬ್ಬಿ ಚಾಚಿದರು. ಕಾರು ನಿಧಾನಿಸಿತೇ ಹೊರತು ನಿಲ್ಲಲಿಲ್ಲ. ಡಬ್ಬಿ ಹಿಡಿಯಲೆಂದು ಅರ್ಜಿದಾರಳು ಕೈಗವಸು ಕಳಚಿದಳು. ಅದು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಬೇಕೆಂದುಕೊಂಡವಳು, ರೊಟ್ಟಿ ಚೆಲ್ಲೀತೆಂದು ಮೊದಲು ಡಬ್ಬಿಯನ್ನು ಲಾರಿಯ ಮೇಲಿಟ್ಟಳು. ಅಷ್ಟರಲ್ಲಿ ತಾಯಿಯವರ ಕಾರಿನ ಹಿಂದಿನ ಚಕ್ರ ಕೈಗವಸಿನ ಮೇಲೆ ಹಾದುಹೋಯಿತು.

3. ಅಲ್ಲೇ ಇದ್ದು ದಂಡ ವಿಧಿಸಿದ ಪೊಲೀಸ್ ಡೆಪ್ಯುಟಿಯವರು ಊರಿಗೆ ಹೊಸಬರು. ಆದ್ದರಿಂದಲೇ ವಿಧಿಸಿದರು. ಅವರಿಗೆ ತಾಯಿಯವರು ಹೇಳಿದ್ದು:

“ಅವಳನ್ನ ಹೆತ್ತೋಳು ನಾನು. ಅವಳಿಂದ ಎಷ್ಟು ದೂರ ಹೋಗ್ಬೇಕು ಅಂತ ನೀನು ಹೇಳ್ತೀಯಾ ಮರಿ?”

ಆಮೇಲೆ ಮಗಳ ಕಡೆ ತಿರುಗಿ, ನೀನಾದರೂ ಒಂದು ಮಾತು ಹೇಳಬಾರದೇ ಎಂದರು. ಅರ್ಜಿದಾರಳು ತಿರುಗಿ ಉಕ್ಕಿನ ಹಗ್ಗ ಬಿಗಿಯತೊಡಗಿದಳು. ಅಂದಿನಿಂದ ರೊಟ್ಟಿ ಬಂದಿಲ್ಲ.

4. ಭಾನುವಾರ ಚರ್ಚಿನಲ್ಲಿ ಕಾಫಿ ಕುಡಿಯುತ್ತಾ ಎಲ್ಲರೂ ಕೈಗವಸಿನ ಕಥೆ ಹೇಳಿ ನಕ್ಕರು. ಟಿಲ್ಲಿ ನಗಲಿಲ್ಲ. ಮರುದಿನ ಲಾರಿಯ ಕೀಲಿ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಕೇಳಿದ್ದಕ್ಕೆ, “ಅಮ್ಮಾ, ನಿನ್ನ ಪರಿಚಯ ಇಲ್ದೇ ಇರೋರು ಮಾತ್ರ ಓಡಾಡೋ ರಸ್ತೆ ಎಲ್ಲೂ ಇಲ್ವಾ?” ಎಂದಳು. ಅಂಥ ರಸ್ತೆ ಈ ಊರಿನಲ್ಲಿ ಇಲ್ಲದ ಕಾರಣ ಈ ಅರ್ಜಿ.

ಆದ್ದರಿಂದ, ತಾಯಿಯವರ ದಂಡವನ್ನು ಪೂರ್ತಿಯಾಗಿ ಉಳಿಸಿಕೊಡಬೇಕಾಗಿಯೂ, ಹಳದಿ ದೀಪ ಉರಿಯುವಷ್ಟು ಹೊತ್ತು ಅರ್ಜಿದಾರಳು ಈ ಊರಿನಲ್ಲಿ ಯಾರ ಮಗಳೂ ಅಲ್ಲ, ಗೆಳತಿಯೂ ಅಲ್ಲ, ಜೊತೆಗೆ ಓದಿದವಳೂ ಅಲ್ಲ ಎಂದು ಆದೇಶ ಹೊರಡಿಸಬೇಕಾಗಿಯೂ ಪ್ರಾರ್ಥನೆ.

ತಮ್ಮ ವಿಶ್ವಾಸಿ (ದೀಪ ಆರಿದ ಮೇಲೆ),
ಮಾರ್ನಾ ಹಾಲ್ವರ್ಸನ್

ಲಗತ್ತುಗಳು:
1. ಎಡಗೈಯ ಕೈಗವಸು, ಟೈರಿನ ಗುರುತು ಸಹಿತ.
2. ರೊಟ್ಟಿಯ ಡಬ್ಬಿ, ಖಾಲಿ. ತಾಯಿಯ ಮನೆಗೆ ಹೋಗಲು ಇದನ್ನು ಮರಳಿಸುವ ನೆಪ ಬೇಕಾಗಿರುವುದರಿಂದ ಬೇಗ ಹಿಂದಕ್ಕೆ ಕಳುಹಿಸಿಕೊಡುವುದು.

ವಿಶೇಷ ಸೂಚನೆ: ನಿನ್ನೆ ಸೇತುವೆಯ ಬಳಿ ಹಾರ್ನ್ ಹೊಡೆದು ಈಚೆ ಸರಿದ ಬೂದು ಬಣ್ಣದ ಕಾರು ತಮ್ಮದು. ತಿರುಗಿ ಕೈ ಬೀಸಲಾಗಲಿಲ್ಲ, ಮನ್ನಿಸಬೇಕು. ಇನ್ನು ಮುಂದೆ ತಾವೂ ಅರ್ಜಿದಾರಳ ಗುರುತು ಹಿಡಿಯಬಾರದೆಂದು ಕೋರಿಕೆ.