ಚನ್ನರಾಯಪ್ಪನವರ ಕುಲಾವಿ ಕಾರ್ಖಾನೆ

"ನನ್ನ ಮೊಮ್ಮಗ ತೊಡೋ ಒಂದೊಂದು ಬಟ್ಟೇನೂ ನನ್ನ ಕೈಯಲ್ಲೇ ಹೊಲಿಗೆ ಆಗ್ಬೇಕು! ಇದು ಈ ಚನ್ನರಾಯಪ್ಪನ ಪ್ರತಿಜ್ಞೆ!"

ಮುಳಬಾಗಿಲು ತಾಲ್ಲೂಕು ಕಚೇರಿಯ ಗುಮಾಸ್ತರಾದ ಚನ್ನರಾಯಪ್ಪನವರು ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದ ಕೂಡಲೇ ಬಾಣಂತಿ ಕೋಣೆಯೊಳಗಿಂದ ಕೂಸು ಕಿಟಾರನೆ ಕಿರುಚಿಕೊಂಡಿತು. ಪಾಪ, ಮುಂದೆ ತನ್ನ ಗತಿ ಏನಾಗಲಿದೆ ಎಂದು ಅದಕ್ಕೆ ಆಗಲೇ ಗೊತ್ತಾಯಿತೋ ಏನೋ!

ಅದು ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು, ಅಂಗಡಿಯವರು ಒಂದು ಗಜ ಮಲ್ಲು ಬಟ್ಟೆಯನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದ ದಿನಗಳು. ದರ್ಜಿ ಬುಡನ್ ಸಾಬರ ಅಂಗಡಿಯಲ್ಲಂತೂ ಮಿಲಿಟರಿಯ ಖಾಕಿ ಷರಟುಗಳು ಸೂರಿನವರೆಗೆ ಪೇರಿಕೊಂಡು, ಸಾಬರೇ ಕಣ್ಣಿಗೆ ಬೀಳುತ್ತಿರಲಿಲ್ಲ.

"ಯುದ್ಧ ಮುಗೀಲಿ ಸಾಮಿ, ಮೊದ್ಲು ನಿಮ್ ಮೊಮ್ಮಗಂದೇ ಹೊಲ್ದು ಕೊಡ್ತೀನಿ" ಎಂದು ರಾಶಿಯ ಹಿಂದಿನಿಂದ ದನಿ ಮಾತ್ರ ಬಂದಿತ್ತು.

"ಅಷ್ಟೊತ್ತಿಗೆ ಅವನಿಗೆ ಮೀಸೆ ಬಂದಿರುತ್ತಲ್ರೀ ಸಾಬ್ರೇ!" ಎಂದು ರೇಗಿಕೊಂಡು ಮನೆಗೆ ಬಂದವರೇ ಚನ್ನರಾಯಪ್ಪನವರು ಪ್ರತಿಜ್ಞೆ ಮಾಡಿಬಿಟ್ಟರು. ಮಿಷನ್ನಿಗೇನೂ ಕೊರತೆಯಿರಲಿಲ್ಲ. ಚಿನ್ನದ ಗಣಿಯ ಬಿಳಿ ದೊರೆಯೊಬ್ಬರು ಸೀಮೆಗೆ ಹೊರಟಾಗ ಹರಾಜು ಹಾಕಿದ್ದ, ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನೊಂದು ಅವರ ಮನೆಯಲ್ಲಿತ್ತು. ಅದರಲ್ಲಿ ಹೊಲಿಯಲು ಯಾರಿಗೂ ಬಾರದಿದ್ದುದರಿಂದ ಕಚೇರಿಯ ಪೇಟವನ್ನು ಅದರ ಮೇಲೆ ಇಡುತ್ತಿದ್ದರು.

ಆದರೆ ಒಳಗಿನ ನಿಜವೇ ಬೇರೆ. ಈ ವೀರಾವೇಶಕ್ಕೆಲ್ಲ ಕಾರಣ ಶ್ರೀನಿವಾಸಪುರದ ದೊಡ್ಡಗಂಗಮ್ಮನವರು, ಅಂದರೆ ಮಗಳು ಆದಿಲಕ್ಷ್ಮಿಯ ಅತ್ತೆ, ನಮ್ಮ ಚನ್ನರಾಯಪ್ಪನವರಿಗೆ ಬೀಗಿತ್ತಿ. ಆಕೆ ಮಾವಿನ ತೋಪಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಕಾಯಿ ಕೀಳುವ ಆಳುಗಳು ಮರದ ಮೇಲೇ ನಮಸ್ಕಾರ ಮಾಡುತ್ತಿದ್ದರಂತೆ. ಆಕೆ ಹೇಳಿಕಳಿಸಿದ್ದರು: "ನಾಮಕರಣಕ್ಕೆ ಬರ್ತೀನಿ. ಕೂಸಿನ ಆರೈಕೆ ಸರಿಯಾಗಿದ್ರೆ ಐದು ತಿಂಗಳು ಅಲ್ಲೇ ಇರ್ಲಿ. ಇಲ್ದಿದ್ರೆ ತಾಯಿ, ಮಗು ಇಬ್ರನ್ನೂ ಜೊತೇಲೇ ಕರ್ಕೊಂಡು ಬರ್ತೀನಿ."

ಇದನ್ನು ಕೇಳಿ ಆದಿಲಕ್ಷ್ಮಿ ಕಣ್ಣೀರು ಹಾಕಿದ್ದಳು. "ಅಪ್ಪಾ, ಹೆಂಗಾದ್ರೂ ಮಾಡಿ ನನ್ನ ಇಲ್ಲೇ ಇಟ್ಕೋಪ್ಪಾ. ಅಲ್ಲಿಗೆ ಹೋದ್ರೆ ಬಾಣಂತಿ ಅಂತ ಒಂದು ಗಳಿಗೆ ಮಲಗಕ್ಕೂ ಆಗಲ್ಲ."

ಚನ್ನರಾಯಪ್ಪನವರಿಗಂತೂ ಕೂಸನ್ನು ಬಿಟ್ಟಿರುವುದು ಆಗದ ಮಾತು. ಕಚೇರಿಯಲ್ಲಿ ಕೂತು ಕಂದಾಯದ ಲೆಕ್ಕ ಬರೆಯುವಾಗಲೂ ಅದರ ಮುಷ್ಟಿಯೇ ಕಣ್ಣೆದುರು ಬರುತ್ತಿತ್ತು. ಹೇಗಾದರೂ ಸರಿ, ಬೀಗಿತ್ತಿ ಬಾಯ್ಮುಚ್ಚಿಕೊಳ್ಳುವಂತೆ ಕೂಸನ್ನು ಸಿಂಗರಿಸಬೇಕು ಎಂದು ಅವರು ಪಣ ತೊಟ್ಟರು.

ಎಳೆಗೂಸಿಗೆ ಹೊಸ ಬಟ್ಟೆ ಆಗದು, ಹಿರಿಯರು ಉಟ್ಟು ಮೆತ್ತಗಾದದ್ದೇ ಆಗಬೇಕು ಎಂಬುದು ಮನೆಯ ವಾಡಿಕೆ. ಹೆಂಡತಿ ಶಾಮಲಮ್ಮ ಬಾಣಂತಿಗೆ ಎಣ್ಣೆ ತಿಕ್ಕುತ್ತಲೇ ಕೂಗಿ ಹೇಳಿದರು: "ರೀ, ಅಟ್ಟದ ಮೇಲೆ ಕಪ್ಪು ಪೆಟ್ಟಿಗೇಲಿ ನಮ್ಮಮ್ಮನ ಹಳೇ ಸೀರೆ ಇದೆ, ಅದನ್ನ ತಗೊಳ್ಳಿ. ಹಸಿರು ಪೆಟ್ಟಿಗೆ ಮಾತ್ರ ಮುಟ್ಬೇಡಿ. ಅದು ಲಕ್ಷ್ಮಿ ಮದ್ವೆ ಸಾಮಾನು."

ಕಪ್ಪು ಪೆಟ್ಟಿಗೆಯ ಸೀರೆ ನಶ್ಯದ ಬಣ್ಣಕ್ಕೆ ತಿರುಗಿತ್ತು. "ಛೆ! ಇದನ್ನ ನನ್ನ ಮೊಮ್ಮಗ ತೊಡೋದೇ?" ಎಂದು ಚನ್ನರಾಯಪ್ಪನವರು ಮೂಗು ಮುರಿದರು. ಮೂಗು ಮುರಿದ ಮನುಷ್ಯನ ಕೈ ತಾನಾಗಿ ಹಸಿರು ಪೆಟ್ಟಿಗೆಗೆ ಹೋಯಿತು. ತಳದಲ್ಲಿ ಒಂದು ಬಿಳಿ ಬಟ್ಟೆ! ನುಣ್ಣನೆಯ ನೇಯ್ಗೆ, ಬೆಣ್ಣೆಯಂಥ ಮೆದು. ನಡುವೆ ಅರಿಶಿನ ಕುಂಕುಮದ ಒಂದು ಮಾಸಲು ಗುರುತು. "ನಮ್ಮ ತಾತನ ಪೂಜೆ ಪಂಚೆ ಇದ್ದಿರ್ಬೇಕು" ಎಂದು ತೀರ್ಪು ಕೊಟ್ಟುಕೊಂಡರು. ತಾತನ ಪಂಚೆ ಮರಿಮೊಮ್ಮಗಳ ಮದುವೆ ಪೆಟ್ಟಿಗೆಗೆ ಯಾಕೆ ಬಂತು ಎಂಬ ಪ್ರಶ್ನೆ ಅವರ ತಲೆಗೆ ಬರಲೇ ಇಲ್ಲ. ಸರ್ಕಾರಿ ನೌಕರಿಯಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ ನೋಡಿ! ಬಟ್ಟೆಯನ್ನು ಸೋಡಾ ಹಾಕಿ ಕುದಿಸಿದರು. ಅರಿಶಿನ ಕುಂಕುಮ ಹೆಸರಿಲ್ಲದಂತೆ ಹೋಯಿತು.

ಆಮೇಲೆ ಶುರುವಾಯಿತು ಕಾರ್ಖಾನೆ! ಮೊದಲ ಕುಲಾವಿ ತೆಂಗಿನಕಾಯಿಗೆ ಸರಿಯಾಗಿ ಕೂತಿತು, ಕೂಸಿನ ತಲೆಗೆ ಕೂರಲಿಲ್ಲ. ಎರಡನೆಯದು ಅಜ್ಜನ ತಲೆಗೇ ಬಂತು. ಅಂಗಿಗೆ ಎರಡು ತೋಳುಗಳೇನೋ ಬಂದವು, ಆದರೆ ಎರಡೂ ಎಡಗಡೆಗೆ. ಜೊಲ್ಲುಬಟ್ಟೆಯ ಕತ್ತು ಬಿಗಿಯಾಯಿತೆಂದು ಕತ್ತರಿಸಿದರು, ಇನ್ನೂ ಬಿಗಿಯೆಂದು ಮತ್ತೆ ಕತ್ತರಿಸಿದರು, ಕೊನೆಗೆ ಅದರಲ್ಲಿ ಕೂಸೇ ತೂರಿ ಆಚೆ ಬರುವಷ್ಟು ದೊಡ್ಡ ತೂತಾಯಿತು. ತಲೆ ಗುಂಡಗಾಗಲೆಂದು ಸಾಸಿವೆ ತುಂಬಿದ ಒಂದು ಪುಟ್ಟ ದಿಂಬೂ ತಯಾರಾಯಿತು. ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ, ಅಂತೂ ನಾಮಕರಣದ ಹೊತ್ತಿಗೆ ಒಂದು ಕುಲಾವಿ, ಒಂದು ಅಂಗಿ, ಒಂದು ಜೊಲ್ಲುಬಟ್ಟೆ, ಒಂದು ದಿಂಬು ಲೋಕಕ್ಕೆ ಅರ್ಪಿತವಾದವು.

"ಹೇಗಿದೆಯೇ?" ಎಂದು ಚನ್ನರಾಯಪ್ಪನವರು ಎದೆಯುಬ್ಬಿಸಿದರು.

"ಬಟ್ಟೆ ಚೆನ್ನಾಗಿದೆ" ಎಂದರು ಶಾಮಲಮ್ಮ. ಹೊಲಿಗೆಯ ಮಾತನ್ನು ಅವರು ಎತ್ತಲಿಲ್ಲ.

ನಾಮಕರಣದ ದಿನ, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಿಂದ ದೊಡ್ಡಗಂಗಮ್ಮನವರು ಇಳಿದರು. ಆಕೆ ಸಾಧಾರಣವಾಗಿ ಕನ್ನಡವನ್ನೇ ಆಡುತ್ತಾರೆ. ಕೋಪ ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಾರೆ. ಸಂತೋಷವಾದರೂ ತೆಲುಗಿಗೇ ಇಳಿಯುತ್ತಾರಾದ್ದರಿಂದ ಕೇಳುವವರಿಗೆ ಜೀವ ಬಾಯಿಗೆ ಬರುತ್ತದೆ. ಆಕೆ ಕೂಸನ್ನು ಎತ್ತಿಕೊಂಡು ಕುಲಾವಿಯನ್ನು ಬೆರಳಲ್ಲಿ ಹೊಸಕಿ ನೋಡಿದರು. ಬಹಳ ಹೊತ್ತು ನೋಡಿದರು.

"ಅಬ್ಬಬ್ಬಾ! ಎಂತ ಮೆತ್ತಗಾ ಉಂದಿ! ಬೀಗರೇ, ಹೊಲಿಗೆ ಹಾಳಾಗಿ ಹೋಗ್ಲಿ, ಬಟ್ಟೆ ಎಲ್ಲಿ ಸಿಕ್ತು?"

ಇಲ್ಲಿ ಚನ್ನರಾಯಪ್ಪನವರು "ಪೆಟ್ಟಿಗೇಲಿ" ಎಂದಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಬೀಗಿತ್ತಿಯ ಮುಂದೆ ಮೆರೆಯುವ ಅವಕಾಶವನ್ನು ಯಾವ ಹೆಣ್ಣು ಹೆತ್ತವನು ಬಿಟ್ಟಾನು!

"ನಮ್ಮ ತಾತನ ಪೂಜೆ ಪಂಚೆ, ಅಕ್ಕನೋರೇ! ಅವರ ಕಾಲದಲ್ಲಿ ಗದ್ವಾಲಿನಿಂದ ತರಿಸಿದ್ದು! ಈಗಿನ ಕಂಟ್ರೋಲು ಬಟ್ಟೆ ಇದರ ಮುಂದೆ ಗೋಣಿತಾಟು!"

"ಹೌದಾ!" ಎಂದರು ದೊಡ್ಡಗಂಗಮ್ಮ. ಊಟವಾಯಿತು. ಎಲೆ ಅಡಿಕೆ ಮೆಲ್ಲುತ್ತ ಆಕೆ ಸುದ್ದಿ ಹೇಳಿದರು: "ನಮ್ ಚಿಕ್ಕೋನು ಕದಿರೇಶಂಗೂ ಹೆಣ್ಣು ಗೊತ್ತಾಯ್ತು. ಬರೋ ತಿಂಗಳೇ ಲಗ್ನ. ಆಂ, ಬೀಗರೇ, ಲಕ್ಷ್ಮಿ ಮದ್ವೇಲಿ ಹಿಡಿದ ಅಂತರಪಟಾನ ನಿಮ್ಮ ಹಸಿರು ಪೆಟ್ಟಿಗೇಲಿ ಇಟ್ಟಿದ್ದೆ. ನಾಡಿದ್ದು ನಾನು ಹೊರಡೋದ್ರೊಳಗೆ ತಗ್ದುಕೊಡಿ."

ಚನ್ನರಾಯಪ್ಪನವರ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಇಳಿಯಿತು. ಅಂತರಪಟ! ಮುಹೂರ್ತದ ಗಳಿಗೆಯವರೆಗೆ ಗಂಡು ಹೆಣ್ಣಿನ ನಡುವೆ ಹಿಡಿಯುವ ಬಟ್ಟೆ! ಅದು ಸರಿದ ಮೇಲೇ ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಇಡುವುದು! ಮಗಳ ಧಾರೆಯ ದಿನ ಅದು ಅವರ ಮೂಗಿನ ಮುಂದೆಯೇ ಇತ್ತು. ಆದರೆ ಅವರು ಕಣ್ತುಂಬ ನೀರು ತುಂಬಿಕೊಂಡು ನಿಂತಿದ್ದರಾಗಿ ಅದು ಬಟ್ಟೆಯೋ ಗೋಡೆಯೋ ಎಂದು ಕೂಡ ನೋಡಿರಲಿಲ್ಲ.

ಹಿತ್ತಲಲ್ಲಿ ಶಾಮಲಮ್ಮ ಅವರನ್ನು ತಡೆದರು. "ರೀ, ಹಸಿರು ಪೆಟ್ಟಿಗೆಗೆ ಕೈ ಹಾಕಿದ್ರಾ?"

"ಹಾಕ್ದೆ ಕಣೇ."

"ಅಂತರಪಟಾನ ಕುಲಾವಿ ಮಾಡಿದ್ರಾ?"

"ಮೆಲ್ಲಗೆ ಮಾತಾಡೇ! ಕಿರಿ ಮಗನ ಲಗ್ನಕ್ಕೆ ಕೇಳ್ತಿದಾರೆ. ಗೊತ್ತಾದ್ರೆ ಮಗಳನ್ನೂ ಮಗೂನೂ ಇವತ್ತೇ ಎಳ್ಕೊಂಡು ಹೋಗ್ತಾರೆ!"

"ಹೋಗಿ ನಿಜ ಹೇಳ್ರೀ."

"ತಾತನ ಪಂಚೆ ಅಂದ್ಬಿಟ್ಟಿದೀನಲ್ಲೇ!"

"ಹಾಗಾದ್ರೆ ತಾತನ್ನೇ ಕೇಳಿ ಏನ್ಮಾಡೋದು ಅಂತ" ಎಂದು ಶಾಮಲಮ್ಮ ಒಳಗೆ ಹೋದರು.

ಚನ್ನರಾಯಪ್ಪನವರು ತಾವೇ ಒಂದು ಮಹಾ ಉಪಾಯ ಹೂಡಿದರು. ಎಲ್ಲವನ್ನೂ ಬಿಚ್ಚುವುದು, ಮತ್ತೆ ಜೋಡಿಸಿ ಹೊಲಿದು ಒಂದೇ ಬಟ್ಟೆ ಮಾಡುವುದು! ಆದರೆ ಬಟ್ಟೆಗಳು ಕೂಸಿನ ಮೈಮೇಲಿದ್ದವು, ಕೂಸು ಬೀಗಿತ್ತಿಯ ತೊಡೆಯ ಮೇಲಿತ್ತು. ಮೊದಲು ಕುಲಾವಿ ತೆಗೆದರು. "ಸೆಖೆ ನೋಡಿ, ಅಕ್ಕನೋರೇ."

"ಮಾಘಮಾಸದಲ್ಲಿ ಸೆಖೆನಾ?"

"ನಮಗಲ್ಲ, ಮಗೂಗೆ." ಆಮೇಲೆ ಅಂಗಿ ತೆಗೆದರು. "ಹಾಲು ಕಕ್ಕಿದೆ." ಜೊಲ್ಲುಬಟ್ಟೆಯನ್ನೂ ತೆಗೆದರು. "ಇದರ ಮೇಲೂ ಕಕ್ಕಿದೆ." ಕೂಸು ಬರಿಮೈಯಲ್ಲಿ ನಡುಗಿ ನಿಜವಾಗಿಯೂ ಕಕ್ಕಿತು, ಅಜ್ಜನ ಅಂಗಿಯ ಮೇಲೆ. ಶಾಮಲಮ್ಮ ಅದನ್ನು ಎತ್ತಿಕೊಂಡು ಹೋಗಿ ನಶ್ಯದ ಬಣ್ಣದ ಸೀರೆಯಲ್ಲಿ ಸುತ್ತಿದರು. ಕೊನೆಗೆ ತೊಟ್ಟಿಲಿನಿಂದ ದಿಂಬನ್ನು ಎಳೆಯುವಾಗ ಚನ್ನರಾಯಪ್ಪನವರ ಹೊಲಿಗೆ ತನ್ನ ನಿಜಗುಣ ತೋರಿಸಿತು. ದಿಂಬು ಬಿರಿದು, ನಡುಮನೆಯ ತುಂಬ ಸಾಸಿವೆ ಉರುಳಾಡಿತು.

"ಏನ್ ಬೀಗರೇ, ನಡುಮನೇಲೇ ಒಗ್ಗರಣೆಯಾ?" ಎಂದರು ದೊಡ್ಡಗಂಗಮ್ಮ.

ಕಚೇರಿಗೆ ರಜ ಹಾಕಿ, ಕೊಟ್ಟಿಗೆಯಲ್ಲಿ ಮಿಷನ್ನು ಇಟ್ಟುಕೊಂಡು ಚನ್ನರಾಯಪ್ಪನವರು ಹೊಲಿದರು. ಮಿಷನ್ನಿನ ಸದ್ದು ಕೇಳಬಾರದೆಂದು ನಡುನಡುವೆ ಜೋರಾಗಿ ಕೆಮ್ಮಿದರು. ಬೀಗರಿಗೆ ಕ್ಷಯವಿರಬೇಕೆಂದು ದೊಡ್ಡಗಂಗಮ್ಮ ಕಷಾಯ ಮಾಡಿ ಕಳಿಸಿದರು, ಅದನ್ನೂ ಕುಡಿದರು. ಅಂತೂ ಚೂರುಗಳೆಲ್ಲ ಒಂದಾದವು. ಜೊಲ್ಲುಬಟ್ಟೆಯ ಕತ್ತು ಮಾತ್ರ ತುಂಬಲಿಲ್ಲ. ತಮ್ಮ ಪಂಚೆಯ ತುಂಡು ಹಚ್ಚಿ ನೋಡಿದರು. ಕಿಟಕಿಗೆ ಬಾಗಿಲಿಟ್ಟ ಹಾಗೆ ಕಂಡಿತು. ಕಿತ್ತುಹಾಕಿ, ತೂತು ಮಡಿಕೆಯೊಳಗೆ ಅಡಗುವಂತೆ ಮಡಚಿ, ಇಸ್ತ್ರಿ ಹಾಕಿದರು. ಹೊರಗಿಂದ ನೋಡಿದರೆ ಸಾಕ್ಷಾತ್ ಅಂತರಪಟ!

ಹೊರಡುವ ದಿನ ನೆರೆಹೊರೆಯ ಹೆಂಗಸರೆಲ್ಲ ಜಗಲಿಯಲ್ಲಿ ಸೇರಿದ್ದರು. ಚನ್ನರಾಯಪ್ಪನವರು ಬಟ್ಟೆಯನ್ನು ತಟ್ಟೆಯಲ್ಲಿಟ್ಟು, ಮೇಲೆ ಹೂವಿಟ್ಟು ಒಪ್ಪಿಸಿದರು. "ತಗೊಳ್ಳಿ ಅಕ್ಕನೋರೇ, ಹೇಗಿತ್ತೋ ಹಾಗೇ ಇದೆ. ಇಲ್ಲಿ ಬಿಚ್ಚಬೇಡಿ, ಧೂಳು."

ಬಿಚ್ಚಬೇಡಿ ಎಂದರೆ ಬಿಚ್ಚದೆ ಬಿಡುವ ಹೆಂಗಸೇ ಆಕೆ! ಎರಡು ತುದಿ ಹಿಡಿದು ಒದರಿ ಎತ್ತಿದರು. ಬಟ್ಟೆ ಇಬ್ಬರ ನಡುವೆ ಇಳಿಬಿತ್ತು. ಸರಿಯಾಗಿ ನಡುವೆ ಆ ಕತ್ತಿನ ತೂತು. ಆಚೆಯಿಂದ ಅದರಲ್ಲಿ ದೊಡ್ಡಗಂಗಮ್ಮನವರ ಮುಖ ಮೂಡಿತು, ಈಚೆಯಿಂದ ಬೆವರಿದ ಚನ್ನರಾಯಪ್ಪನವರ ಮುಖ. ಬೀಗರಿಬ್ಬರೂ ಕಣ್ಣು ಮಿಟುಕಿಸದೆ ಪರಸ್ಪರ ನೋಡುತ್ತ ನಿಂತರು.

ಒಳಬಾಗಿಲಿನಿಂದ ಶಾಮಲಮ್ಮನವರ ದನಿ ಬಂತು: "ಜೀರಿಗೆ ಬೆಲ್ಲ ತರ್ಲೇನ್ರೀ?"

ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಚನ್ನರಾಯಪ್ಪನವರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

"ಏಮಿ ಇದಿ, ಬೀಗರೇ?" ಎಂದರು ದೊಡ್ಡಗಂಗಮ್ಮ. ಈ ಸಲದ ತೆಲುಗು ಸಂತೋಷದ್ದಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ.

ಚನ್ನರಾಯಪ್ಪನವರು ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿದರು. "ತಪ್ಪಾಯ್ತು ಅಕ್ಕನೋರೇ. ಕತ್ತರಿಸಿ ಮಗೂಗೆ ಹೊಲಿದ್ಬಿಟ್ಟೆ. ಆಮೇಲೆ ಕದಿರೇಶನ ಲಗ್ನಕ್ಕೆ ಬೇಕು ಅಂದ್ರಿ, ಬಿಚ್ಚಿ ಜೋಡಿಸ್ದೆ. ನನಗೆ ಏನಾದ್ರೂ ಅನ್ನಿ, ಮಗಳನ್ನ ಮಗೂನ ಮಾತ್ರ ಕರ್ಕೊಂಡು ಹೋಗ್ಬೇಡಿ."

"ಅವನ ಲಗ್ನಕ್ಕೆ ಬೇಕು ಅಂತ ಯಾರಂದ್ರು? ಅವನಿಗೆ ಬೇರೆ ತಂದಾಗಿದೆ! ನಮ್ಮ ಮನೇಲಿ, ಯಾರ ಮದ್ವೇಲಿ ಅಂತರಪಟ ಹಿಡಿದ್ವೋ ಅವರ ಚೊಚ್ಚಲ ಕೂಸಿಗೆ ಅದನ್ನೇ ಕತ್ತರಿಸಿ ಕುಲಾವಿ ಹೊಲಿಯೋದು. ಅದಕ್ಕೇ ನಾನು ಪೆಟ್ಟಿಗೆ ತಳದಲ್ಲಿ ಇಟ್ಟು ಹೋಗಿದ್ದು! ಅವತ್ತು ಕುಲಾವಿ ಮುಟ್ಟಿದಾಗ್ಲೇ ಇದೇ ಇರ್ಬೇಕು ಅಂದ್ಕೊಂಡೆ. ಬಾಯ್ಬಿಟ್ಟು ಕೇಳಿದ್ರೆ ನಿಮ್ಮ ತಾತನ್ನ ಕರ್ಕೊಂಡು ಬಂದ್ರಿ! ಹಾಗಾದ್ರೆ ಅಂತರಪಟ ಪೆಟ್ಟಿಗೇಲೇ ಇದೆ, ನಾನೇ ತಗೊಂಡು ಹೋಗಿ ಕುಲಾವಿ ಹೊಲಿಸೋಣ ಅಂತ ಕೇಳ್ದೆ!"

ಚನ್ನರಾಯಪ್ಪನವರು ಗೋಡೆಗೊರಗಿ ಕೂತುಬಿಟ್ಟರು. ಬದುಕಿನಲ್ಲಿ ಒಂದು ಸಲ ಸರಿಯಾದ ಕೆಲಸ ಮಾಡಿದ್ದರು, ಅದನ್ನೂ ಕಷ್ಟಪಟ್ಟು ಬಿಚ್ಚಿಹಾಕಿದ್ದರು!

ದೊಡ್ಡಗಂಗಮ್ಮ ತೊಟ್ಟಿಲಿನತ್ತ ನೋಡಿದರು. ನಶ್ಯದ ಬಣ್ಣದ ಸೀರೆಯಲ್ಲಿ ಕೂಸು ಬೆಚ್ಚಗೆ, ಹಾಯಾಗಿ ನಿದ್ದೆ ಮಾಡುತ್ತಿತ್ತು. ಆದಿಲಕ್ಷ್ಮಿ ಸೆರಗಿನ ತುದಿ ಕಚ್ಚಿಕೊಂಡು ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

"ಸರ್ಲೇ. ತಾಯಿ, ಮಗು ಐದು ತಿಂಗಳು ಇಲ್ಲೇ ಇರ್ಲಿ. ಶಾಮಲಮ್ಮನೋರ ಆರೈಕೇಲಿ ನನಗೇನೂ ಕೊರತೆ ಕಾಣ್ಲಿಲ್ಲ" ಎಂದರು ಆಕೆ. "ಆದ್ರೆ ಆ ಹೊಲಿಗೆ ಮಿಷನ್ನು ಮಾತ್ರ ಈ ಮನೇಲಿ ಒಂದು ಗಳಿಗೆ ಇರಕೂಡದು. ನನ್ನ ಜೊತೆ ಬಸ್ಸಿಗೆ ಹತ್ತಿಸಿ!"

ಮುಳಬಾಗಿಲಿನ ಪೇಟೆ ಬೀದಿಯಲ್ಲಿ ಹಾಡುಹಗಲು ತಾಲ್ಲೂಕು ಕಚೇರಿಯ ಗುಮಾಸ್ತರು ತಲೆಯ ಮೇಲೆ ಮಿಷನ್ನು ಹೊತ್ತು ಬೀಗಿತ್ತಿಯ ಹಿಂದೆ ನಡೆದರು. ಖಾಕಿ ರಾಶಿಯ ಸಂದಿಯಿಂದ ಬುಡನ್ ಸಾಬರು ಕತ್ತು ಹೊರಹಾಕಿದರು.

"ಸಾಮೀ, ಮಿಷನ್ನು ಎಲ್ಲಿಗೆ? ರಿಪೇರಿಗಾ?"

"ಇಲ್ಲ ಸಾಬ್ರೇ" ಎಂದರು ಚನ್ನರಾಯಪ್ಪನವರು. "ಮಗಳನ್ನ ತವರಲ್ಲೇ ಉಳಿಸ್ಕೊಂಡು, ಇದನ್ನ ಅತ್ತೆ ಮನೆಗೆ ಕಳಿಸ್ತಿದೀನಿ."