ಸ್ಕಾಟ್ಲೆಂಡಿಗೆ ಬಂದ ಸೋದರತ್ತೆ

ಸ್ಕಾಟ್ಲೆಂಡಿನ ರಾಜರಿಗೆ ಮನೆ ಕಟ್ಟಲು ಬರುತ್ತಿರಲಿಲ್ಲ. ಹೀಗೆಂದು ತೀರ್ಪು ಕೊಟ್ಟವಳು ಕನಕಪುರದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುವ ನನ್ನ ಸೋದರತ್ತೆ. ಇತಿಹಾಸಕಾರರು ಬೇಕಾದರೆ ಬಂದು ಅವಳ ಹತ್ತಿರ ವಾದ ಮಾಡಲಿ!

ಅಲ್ಲಿನ ದ್ವೀಪಗಳನ್ನು ಹಡಗಿನಲ್ಲಿ ಸುತ್ತಬೇಕೆಂದು ಆಸೆಪಟ್ಟು ನಮ್ಮಿಬ್ಬರಿಗೂ ಸೀಟು ಹಿಡಿದವಳು ನನ್ನ ಹೆಂಡತಿ. ಹೊರಡುವ ಮೊದಲೇ ಅವಳು ತೀರಿಕೊಂಡಳು. ಆಮೇಲೆ ನಾನು ಅವಳ ಬಗ್ಗೆ ಯಾರ ಮುಂದೆಯೂ ಒಂದು ಮಾತು ಆಡಿರಲಿಲ್ಲ. ಅತ್ತೆಗೆ ಅದೇ ಚಿಂತೆ.

"ಅವ್ಳು ನೋಡ್ಬೇಕು ಅಂದಿದ್ದ ಜಾಗ ಕಣ್ಲಾ. ನಡಿ, ನಾನೂ ಬತ್ತೀನಿ."

ಹಡಗು ಮೊದಲು ನಿಂತ ದ್ವೀಪದ ಕೋಟೆಯಲ್ಲಿ ಗೈಡ್ ಯುದ್ಧಗಳ ಕತೆ ಹೇಳುತ್ತಿದ್ದ. ಅತ್ತೆ ನನ್ನ ತೋಳು ಜಗ್ಗಿದಳು. "ಗೋಡೆ ಇಷ್ಟ್ ದಪ್ಪ, ಕಿಟ್ಕಿ ಇಷ್ಟೇ ಇಷ್ಟು. ಒಲೆ ಹೊಗೆ ಎತ್ಲಾಗ್ ಹೋಯ್ತಿತ್ತು, ಕೇಳ್ಲಾ."

ಕೇಳಿದೆ. ಗೈಡ್ ಅಡುಗೆಮನೆಗೆ ಕರೆದೊಯ್ದು ಆಳೆತ್ತರದ ಒಲೆ ತೋರಿಸಿದ. ಅತ್ತೆ ಅದರೊಳಗೇ ಹೊಕ್ಕು, ತಲೆಯೆತ್ತಿ ಚಿಮಣಿ ನೋಡಿ, ಸೆರಗಿನ ತುಂಬ ಮಸಿ ಮಾಡಿಕೊಂಡು ಹೊರಬಂದಳು. "ಇದೊಂದ್ ಸರ್ಯಾಗ್ ಮಾಡವ್ರೆ."

ಮರುದಿನ ಇನ್ನೊಂದು ದ್ವೀಪ. ಎಲ್ಲರೂ ಬೈನಾಕ್ಯುಲರ್ ಹಿಡಿದು ಹದ್ದು ಹುಡುಕುತ್ತಿದ್ದರೆ ಅತ್ತೆ ಬೇಲಿ ದಾಟಿ ಒಂದು ಕುರಿಯ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದಳು! ಕುರಿಯ ಯಜಮಾನ ಓಡಿ ಬಂದ. ಜಗಳವಾಗಲಿಲ್ಲ. ಅವನು ಅವನ ಭಾಷೆಯಲ್ಲಿ, ಇವಳು ಕನ್ನಡದಲ್ಲಿ, ಅರ್ಧ ಗಂಟೆ ಮಾತಾಡಿದರು.

"ಒಳ್ಳೇ ಮನ್ಸ. ಪಾಪ, ಹೆಂಡ್ತಿ ಸತ್ತೋಗವ್ಳೆ."

"ಅವ್ನು ಹೇಳಿದ್ದು ನಿಂಗ್ ಹೆಂಗ್ ಗೊತ್ತಾಯ್ತು, ಅತ್ತೆ?"

"ಅಂಗಿ ಗುಂಡಿ ನೋಡ್ಲಿಲ್ವಾ? ಒಂದೊಂದ್ಕೂ ಒಂದೊಂದ್ ಬಣ್ಣದ ದಾರ. ಗಂಡಸ್ರು ಹಾಕೋ ಹೊಲಿಗೆ ಅದು." ಆಮೇಲೆ ನನ್ನ ಅಂಗಿ ನೋಡಿದಳು. "ಅವ್ನಾದ್ರೂ ಹೇಳ್ಕಂಡು ಹಗುರಾದ."

ನಾನು ಹದ್ದು ಹುಡುಕುವವನಂತೆ ಆಕಾಶ ನೋಡಿದೆ.

ಕೊನೆಯ ದಿನ ಕಡಲಲ್ಲಿ ಈಜುವ ಸೀಲ್‌ಗಳನ್ನು ತೋರಿಸುತ್ತೇವೆಂದು ಡೆಕ್ಕಿನ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಸದ್ದು ಮಾಡಬೇಡಿ ಎಂದರು. ಬಹಳ ಹೊತ್ತು ಏನೂ ಕಾಣಲಿಲ್ಲ. ಅತ್ತೆಯ ತಾಳ್ಮೆ ಮುಗಿಯಿತು. ಬಾಯಿಗೆ ಕೈ ಅಡ್ಡ ಹಿಡಿದು, ಊರಿನಲ್ಲಿ ಸಂಜೆ ಕುರಿಗಳನ್ನು ಕರೆಯುವಂತೆ ಉದ್ದಕ್ಕೆ ಕೂಗಿದಳು. ನನಗೆ ಸಮುದ್ರಕ್ಕೆ ಹಾರುವಷ್ಟು ನಾಚಿಕೆಯಾಯಿತು.

ಆದರೆ ನೀರಿನಿಂದ ಒಂದು ದುಂಡು ತಲೆ ಎದ್ದಿತು. ಇನ್ನೊಂದು. ನೋಡನೋಡುತ್ತಿದ್ದಂತೆ ಏಳೆಂಟು ತಲೆಗಳು ನಮ್ಮತ್ತಲೇ ತಿರುಗಿದವು! ಇನ್ನೊಮ್ಮೆ ಕೂಗಿಸಿ ಎಂದು ಗೈಡ್ ನನಗೆ ಸನ್ನೆ ಮಾಡಿದ.

"ನಂಗ್ ಉಸ್ರು ಸಾಲ್ದು. ನೀನ್ ಕರಿ," ಅಂದಳು ಅತ್ತೆ.

"ಏನಂತ ಕರೀಲಿ?"

"ಹೆಸ್ರಿಡ್ದು ಕರಿ."

"ಯಾರ ಹೆಸ್ರು?"

ಅತ್ತೆ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ನಾನು ಮೂವತ್ತು ವರ್ಷ "ಇವಳೇ" ಎಂದೇ ಕಳೆದವನು. ಕಂಬಿ ಹಿಡಿದುಕೊಂಡು ಬಾಯಿ ತೆರೆದೆ.

"ಸುಜಾತಾ."

ಸೀಲ್‌ಗಳು ನೋಡಿದವೋ ಇಲ್ಲವೋ, ನನಗೆ ಕಾಣಲಿಲ್ಲ. ಅತ್ತೆಯ ದನಿ ಮಾತ್ರ ಪಕ್ಕದಲ್ಲಿ ಮೆಲ್ಲಗೆ ಕೇಳಿಸಿತು.

"ಇನ್ನೊಸಿ ಜೋರಾಗ್ ಕರಿ, ಮಗಾ. ಗಾಳಿ ಐತೆ."